ಮಧ್ಯಾಹ್ನದ ಹೆಸರುಗಳು

ಎದುರು ಮನೆಯ ತಯ್ಯಬ್ ಟೀವಿಯ ಮೇಲೆ ಹೊದಿಸಿದ್ದ ಬಿಳಿ ಚಾದರದ ಒಂದು ತುದಿಯನ್ನೆತ್ತಿ, ಅದರ ಕೆಳಗೆ ತಲೆ ತೂರಿಸಿ, ಡಿಶ್ಶಿನ ರಿಸೀವರಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದ. ಕೆಂಪು ದೀಪ ಹಸಿರಾಯಿತು. ಎಲ್ಲೋ ದೂರದಲ್ಲಿ ಕೊಳಲಿನ ಅರ್ಧ ಉಸಿರು ಕೇಳಿಸಿತು. ಆಮೇಲೆ ಟಪ್ಪೆಂದು ಒಂದು ಸದ್ದು. ಹಸಿರು ಆರಿ ಮತ್ತೆ ಕೆಂಪು. ಪೆಟ್ಟಿಗೆ ತನಗೆ ತಾನೇ ಆರಿ, ತನಗೆ ತಾನೇ ಹೊತ್ತಿಕೊಂಡು, ಮೊದಲಿನಿಂದ ಶುರುಮಾಡಿತು.

"ಒಳಗೆ ನನ್ನ ತಮ್ಮನ ಹೆಣ ಇದೆ. ನೀನಿಲ್ಲಿ ಟೀವಿ ಹಚ್ತಾ ಕೂತಿದೀಯಲ್ಲೋ ತಯ್ಯಬ್," ಎಂದಳು ಬಾಗಿಲಲ್ಲಿ ನಿಂತ ಅಲ್ಜಿಯಾ. ಸತ್ತವನಿಗೆ ಅವಳು ಹಿರಿಯಕ್ಕ. ಚಾದರ ಹೊದಿಸಿದವಳೂ ಅವಳೇ. "ಸಾವಿನ ಮನೇಲಿ ಮೂರು ದಿನ ಒಲೇನೇ ಹಚ್ಚಲ್ಲ. ಟೀವಿ ಹಚ್ಚಬಹುದು ಅಂತ ಯಾರು ಹೇಳಿದ್ರು ನಿಂಗೆ?"

"ನಾನು ಹೇಳ್ದೆ."

ಹೆಂಗಸರೆಲ್ಲ ತಿರುಗಿ ನೋಡಿದರು. ಗೋಡೆಗೊರಗಿ ಕುಳಿತಿದ್ದ, ಸತ್ತವನ ಹೆಂಡತಿ ವರ್ದಿಯಾ ಬೆಳಗಿನಿಂದ ಆಡಿದ ಮೊದಲ ಮಾತು ಅದು. ಅತ್ತಿರಲಿಲ್ಲ. ಯಾರೋ ಕೈಗಿಟ್ಟ ಕಾಫಿಯ ಲೋಟ ಕೈಯಲ್ಲೇ ಆರಿತ್ತು.

"ಟೀವಿ ಅಲ್ಲ ಅತ್ತಿಗೆ," ಎಂದಳು. "ರೇಡಿಯೊ. ಮಧ್ಯಾಹ್ನದ ಹೆಸರು."

ಮಧ್ಯಾಹ್ನದ ಹೆಸರೆಂದರೇನೆಂದು ಆ ಕಟ್ಟಡದಲ್ಲಿ ಗೊತ್ತಿಲ್ಲದವರಿರಲಿಲ್ಲ. ವರ್ದಿಯಾಳ ತವರಾದ ಬೆಟ್ಟಸೀಮೆಯ ರೇಡಿಯೊದವರು ಪ್ರತಿ ಮಧ್ಯಾಹ್ನ, ವಾರ್ತೆ ಮುಗಿದ ಮೇಲೆ, ಆ ದಿನ ತೀರಿಕೊಂಡವರ ಹೆಸರುಗಳನ್ನು ಓದುತ್ತಾರೆ. ಮೊದಲು ಊರು, ಆಮೇಲೆ ಹೆಸರು. ಬೆಟ್ಟದವರಿಗೆ ಊರಿಲ್ಲದ ಹೆಸರೆಂದರೆ ಹಿಡಿಯಿಲ್ಲದ ಕೊಡ, ಎತ್ತಲು ಬರುವುದಿಲ್ಲ.

ಹೆಸರು ಓದುವ ಹೊತ್ತಿಗೆ ಇನ್ನು ಒಂದು ಗಂಟೆಯೂ ಉಳಿದಿರಲಿಲ್ಲ. ಲಖ್ದರನನ್ನು ಹೊತ್ತಿಳಿದ ಮೇಲಿನ ಅಸರ್ ನಮಾಜಿಗೆ ಎತ್ತುವುದೆಂದು ತೀರ್ಮಾನವಾಗಿತ್ತು. ಸ್ನಾನ ಮಾಡಿಸಿ, ಬಿಳಿಯಲ್ಲಿ ಸುತ್ತಿ, ಒಳಕೋಣೆಯಲ್ಲಿ ಮಲಗಿಸಿದ್ದರು. ಬದುಕಿಡೀ ನಗರದ ಬಸ್ಸಿನಲ್ಲಿ ಟಿಕೇಟು ಹರಿದು, ನಿಂತೇ ಕಾಲ ಕಳೆದ ಮನುಷ್ಯ. ಅವನು ಅಷ್ಟು ಹೊತ್ತು ಮಲಗಿದ್ದನ್ನು ಯಾರೂ ನೋಡಿರಲಿಲ್ಲ.

ತಯ್ಯಬ್ ಮಂಡಿಯೂರಿ ವರ್ದಿಯಾಳ ಹತ್ತಿರ ಬಗ್ಗಿದ.

"ನಿಮ್ಮಣ್ಣನಿಗೆ ಬೆಳಿಗ್ಗೆ ಫೋನ್ ಮಾಡಿದ್ಯಲ್ಲ, ತಂಗಿ. ಏನಂದ?"

"'ಓದಿಸ್ತೀನಿ' ಅಂದ. ಅಷ್ಟೇ. ಹೊರಟಿದಾರಂತೆ ವ್ಯಾನಲ್ಲಿ."

"ಹೇಗೆ ಓದಿಸ್ತಾನೆ ಅಂತ ಕೇಳ್ಲಿಲ್ವಾ?"

"ಕೇಳಿದ್ರೆ ಬೇಡಿದ ಹಾಗಾಗತ್ತಣ್ಣ." ಅವಳು ಕಾಫಿಯ ಲೋಟವನ್ನು ನೆಲಕ್ಕಿಟ್ಟಳು. "ಇವರು ಒಂದು ದಿನಾನೂ ಬೇಡಲಿಲ್ಲ. ನಾನು ಇವತ್ತು ಬೇಡ್ಲಾ? ನಂಗೆ ಕೇಳಿಸ್ಬೇಕು, ಅಷ್ಟೇ. ಹೇಗೆ ಕರೀತಾರೋ, ನನ್ನ ಕಿವೀಲೇ ಕೇಳಿಸ್ಬೇಕು."

*

ಬೆಟ್ಟದ ದಾರಿಯಲ್ಲಿ ಗುಂಡಿನ ಭಯಕ್ಕೆ ಹಗಲಲ್ಲೂ ಬಸ್ಸು ಓಡಾಡಲಾರದ, ಹಿಂದಿನ ಕೆಟ್ಟ ವರ್ಷಗಳು ಅವು. ವರ್ದಿಯಾ ಸಂತೆಯಲ್ಲಿ ಪುದೀನದ ಕಟ್ಟನ್ನು ಮೂಗಿಗೆ ಹಿಡಿದು ನೋಡುತ್ತಿದ್ದಾಗ, ಅವಳ ತವರಿನ ಪಕ್ಕದೂರಿನ ಹೆಂಗಸೊಬ್ಬಳು ಎದುರಾಗಿ, ತೋಳು ಹಿಡಿದು, "ದೇವರು ತಾಳ್ಮೆ ಕೊಡಲಿ ಕಣೇ," ಎಂದಳು. ವರ್ದಿಯಾ ನಕ್ಕು, "ಯಾತಕ್ಕೆ?" ಎಂದು ಕೇಳಿದಳು.

ವರ್ದಿಯಾಳ ತಾಯಿ ಮಣ್ಣಾಗಿ ವಾರವಾಗಿತ್ತು.

ಮನೆಗೆ ಬಂದವಳು ಪುದೀನವನ್ನು ನೀರಲ್ಲಿಟ್ಟಳು. ಚಹಾ ಮಾಡಿದಳು. ಲಖ್ದರ್ ಕೆಲಸದಿಂದ ಬಂದು ಕೇಳಿದಾಗ ಅವಳೆಂದದ್ದು ಇಷ್ಟೇ: "ನಾನು ನಕ್ಕುಬಿಟ್ಟೆ. ಅವಳು ಹೇಳಿದಾಗ ನಾನು ನಕ್ಕುಬಿಟ್ಟೆ."

ಲಖ್ದರ್ ಸಮಾಧಾನದ ಮಾತು ಬಲ್ಲವನಲ್ಲ. ಮುಂದಿನ ಶುಕ್ರವಾರ ಒಂದು ಡಿಶ್ಶನ್ನು ತಲೆಯ ಮೇಲೆ ಕೊಡೆಯ ಹಾಗೆ ಹೊತ್ತು ಮೆಟ್ಟಿಲೇರಿ ಬಂದ. ಬೆಟ್ಟದ ರೇಡಿಯೊ ಪಟ್ಟಣದ ಸಾದಾ ರೇಡಿಯೊಗಳಿಗೆ ಸಿಗುತ್ತಿರಲಿಲ್ಲ. ಆಕಾಶದ ಮೂಲಕ ಮಾತ್ರ ಬರುತ್ತದೆಂದು ಯಾರೋ ಪ್ರಯಾಣಿಕ ಅವನಿಗೆ ಹೇಳಿದ್ದನಂತೆ. ಅದೂ ಎಲ್ಲರ ಡಿಶ್ಶು ನೋಡುವ ಕಡೆಯಿಂದಲ್ಲ.

ಡಿಶ್ಶು ತಿರುಗಿಸುವುದೆಂದರೆ ಆ ಕಟ್ಟಡದಲ್ಲಿ ಒಬ್ಬರ ಕೆಲಸವಲ್ಲ. ತಾರಸಿಯಲ್ಲಿ ಒಬ್ಬ ತಿರುಗಿಸಬೇಕು. ಮನೆಯಲ್ಲಿ ಒಬ್ಬರು ಪರದೆ ನೋಡಬೇಕು. ನಡುವಿನ ಮೆಟ್ಟಿಲಲ್ಲಿ ಒಬ್ಬ ನಿಂತು ಕೆಳಗಿನ ಮಾತನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ದಾಟಿಸಬೇಕು. ಮೆಟ್ಟಿಲ ಜಾಗ ಎಂದಿಗೂ ಲಖ್ದರನದು. ಬಸ್ಸಿನ ಗದ್ದಲದಲ್ಲಿ ನಿಲ್ದಾಣಗಳ ಹೆಸರು ಕೂಗಿ ಪಳಗಿದ ಗಂಟಲು. ಯಾರ ಮನೆಗೆ ಡಿಶ್ಶು ಬಂದರೂ ಕರೆಯುವ ಮೊದಲೇ ಬಂದು ನಿಲ್ಲುತ್ತಿದ್ದ. "ಬಂತಾ?" ಎಂದು ಮೇಲಿನಿಂದ ತಯ್ಯಬ್. "ಬಂತಾ ಅಂತಾನೆ!" ಎಂದು ಕೆಳಕ್ಕೆ ಲಖ್ದರ್. "ಬಂತು, ಬಂತು... ಅಯ್ಯೋ ಹೋಯ್ತು!" ಎಂದು ಮನೆಯೊಳಗಿನಿಂದ. ಚಿತ್ರ ನಿಂತಾಗ ಎಲ್ಲರೂ ಒಳಗೆ ಓಡಿ ಟೀವಿಯ ಮುಂದೆ ಕೂರುತ್ತಿದ್ದರು. ಮೆಟ್ಟಿಲಲ್ಲಿದ್ದವನು ಕೊನೆಗೆ ಬರುತ್ತಿದ್ದ. ಅವನಿಗೆ ಕುರ್ಚಿ ಉಳಿದಿರುತ್ತಿರಲಿಲ್ಲ.

ತನ್ನ ಮನೆಯ ಡಿಶ್ಶಿಗೂ ಅವನು ಮೆಟ್ಟಿಲಲ್ಲೇ ನಿಂತ. ಪರದೆಯ ಮುಂದೆ ವರ್ದಿಯಾ. ತಾರಸಿಯ ಡಿಶ್ಶುಗಳೆಲ್ಲ ಕಾಲ್ಚೆಂಡಿನಾಟಕ್ಕೂ ಸಿನಿಮಾಕ್ಕೂ ಒಂದೇ ಕಡೆ ಮುಖ ಮಾಡಿದ್ದರೆ, ಇದೊಂದು ಮಾತ್ರ ಅವುಗಳ ಸಾಲಿನಿಂದ ಮುಖ ತಿರುಗಿಸಿ ನಿಂತಿತು. ಮೂರನೇ ಮಹಡಿಯ ಟ್ಯಾಕ್ಸಿ ಚಾಲಕ ಫರೂಕ್ ಅದನ್ನು ಕಂಡಾಗಲೆಲ್ಲ ಕಿಚಾಯಿಸುತ್ತಿದ್ದ: "ಏನು ಮಾವ, ನಿಮ್ಮ ಡಿಶ್ಶು ನಮ್ಮ ಮೇಲೆ ಮುನಿಸ್ಕೊಂಡಿದೆಯಾ?"

"ಮುನಿಸಲ್ಲಪ್ಪ," ಎನ್ನುತ್ತಿದ್ದ ಲಖ್ದರ್. "ಮಾವನ ಮನೆ ಕಡೆ ನೋಡ್ತಿದೆ."

ಆ ಮಾವನ ಮನೆಯವರು ಅವನನ್ನು ಹೆಸರು ಹಿಡಿದು ಕರೆದವರಲ್ಲ. ಬೆಟ್ಟದ ಹುಡುಗಿಯನ್ನು ಹೊರಗಿನವನಿಗೆ ಕೊಟ್ಟಾಯಿತಲ್ಲ ಎಂಬ ಕಹಿಯನ್ನು ವರ್ದಿಯಾಳ ಅಣ್ಣಂದಿರು ಉಗುಳಲಿಲ್ಲ, ನುಂಗಲೂ ಇಲ್ಲ. ಅವರಿಗೆ ಅವನು ಕಡೆಯವರೆಗೂ 'ಪಟ್ಟಣದವನು'. 'ಪಟ್ಟಣದವನು ಚೆನ್ನಾಗಿದಾನಾ?' 'ಪಟ್ಟಣದವನಿಗೂ ಒಂದು ಡಬ್ಬ ಎಣ್ಣೆ ಕಳಿಸಿದೀವಿ.' ಲಖ್ದರ್ ಆ ಆಲಿವ್ ಎಣ್ಣೆಯಲ್ಲಿ ರೊಟ್ಟಿ ಅದ್ದಿ, ಕಣ್ಣು ಮುಚ್ಚಿ, "ಪಟ್ಟಣದವನು ಪುಣ್ಯವಂತ," ಎನ್ನುತ್ತಿದ್ದ.

*

"ತಯ್ಯಬ್ ಮಾವ, ಸರೀರಿ, ನಾನು ನೋಡ್ತೀನಿ," ಎಂದ ಫರೂಕ್. ಅಂಗಳದಲ್ಲಿ ಗಂಡಸರಿಗೆ ಕುರ್ಚಿ ಹಾಕುತ್ತಿದ್ದವನು ಬೆವರೊರೆಸಿಕೊಂಡು ಬಂದಿದ್ದ. "ಇದು ಸಾಫ್ಟ್‌ವೇರು. ಹೊಸದು ತುಂಬಬೇಕು."

"ನಿನ್ನ ಟ್ಯಾಕ್ಸಿ ಕೆಟ್ಟಾಗ್ಲೂ ಹೀಗೇ ಅಂದೆ," ಎಂದಳು ಐದನೇ ಮಹಡಿಯ ಝೀನಬ್, ಅಡಿಗೆಯ ಪಾತ್ರೆಯೊಂದಿಗೆ ಒಳಬರುತ್ತ. "ಆಮೇಲೆ ನೋಡಿದ್ರೆ ಪೆಟ್ರೋಲೇ ಇರ್ಲಿಲ್ಲ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅಲ್ಜಿಯಾ ಕಣ್ಣು ಬಿಟ್ಟಳು. ಆದರೆ ಆ ನಗೆಯ ಹಿಂದೆಯೇ ಝೀನಬಳ ದನಿ ಒಡೆಯಿತು. "ಮಕ್ಕಳಿಗೆ ರೊಟ್ಟಿ ತಟ್ಟಿ, ಹಿಟ್ಟಿನ ಕೈಯಲ್ಲೇ ಓಡೋಡಿ ಹೋಗ್ತಿದ್ದೆ ಆಸ್ಪತ್ರೆ ಕೆಲಸಕ್ಕೆ. ನಾನು ರಸ್ತೆ ಮೂಲೇಲಿ ಕಾಣಿಸ್ಕೊಳ್ಳೋ ತನಕ ಲಖ್ದರಣ್ಣ ಗಂಟೆ ಹೊಡೀತಿರ್ಲಿಲ್ಲ. ಡ್ರೈವರ್ ಬೈತಿದ್ದ. ಇವರು, 'ಒಂದು ಟಿಕೇಟು ಬಿದ್ದೋಯ್ತು, ಹುಡುಕ್ತಿದೀನಿ' ಅನ್ನೋರು. ದಿನಾ ಒಂದು ಟಿಕೇಟು ಬೀಳ್ತಿತ್ತು."

"ನಾನು ಸಣ್ಣೋನಿದ್ದಾಗ ಬಸ್ಸಲ್ಲಿ ನಿದ್ದೆ ಹೋಗ್ಬಿಡ್ತಿದ್ದೆ," ಎಂದ ಫರೂಕ್, ರಿಸೀವರಿನ ತಂತಿಗಳನ್ನು ನೋಡುತ್ತ. "ಎಬ್ಬಿಸ್ತಾನೇ ಇರ್ಲಿಲ್ಲ ಲಖ್ದರ್ ಮಾವ. ಕೊನೇ ನಿಲ್ದಾಣಕ್ಕೆ ಹೋಗಿ, ವಾಪಸು ಬಂದು, ನಮ್ಮನೆ ಮುಂದೆ ಎಬ್ಬಿಸೋರು. ಅಮ್ಮನಿಗೆ ಏನೂ ಹೇಳ್ತಿರ್ಲಿಲ್ಲ."

ಅಲ್ಜಿಯಾ ಕೇಳಿಸಿಕೊಂಡಳು. ತಮ್ಮನ ಬಗ್ಗೆ ಇವೆಲ್ಲ ಅವಳಿಗೆ ಗೊತ್ತಿರಲಿಲ್ಲವೆಂಬುದು ಮುಖದಲ್ಲಿ ಕಾಣುತ್ತಿತ್ತು.

ತಯ್ಯಬ್ ಹೊಲಿಗೆಯವನು, ದಾರ ತುಂಡಾಗುತ್ತಿದ್ದರೆ ಯಂತ್ರವನ್ನು ಬೈಯುವ ಮೊದಲು ಒಂದೊಂದನ್ನೇ ಬಿಡಿಸಿ ನೋಡಬೇಕೆಂದು ಬಲ್ಲವನು. ಪೆಟ್ಟಿಗೆಯನ್ನು ಬೇರೆ ಪ್ಲಗ್ಗಿಗೆ ಹಾಕಿ ನೋಡಿದರು, ಅದೇ ಆಟ. ಫರೂಕ್ ಮುಚ್ಚಳ ಬಿಚ್ಚಿ, ಒಳಗಿನ ಪುಟ್ಟ ಉರುಳೆಗಳಂಥ ಕಂಡೆನ್ಸರುಗಳ ತಲೆ ಊದಿದೆಯೇ ಎಂದು ಬೆರಳಾಡಿಸಿದ, ಎಲ್ಲವೂ ಸಮವಾಗಿದ್ದವು. ಕಾದಿದೆಯೋ ಎಂದು ಅಂಗೈಯಿಟ್ಟರೆ ತಣ್ಣಗಿತ್ತು. ಹಸಿರು, ಟಪ್, ಕೆಂಪು. ಹಸಿರು, ಟಪ್, ಕೆಂಪು.

"ಬಿಡು ಅಣ್ಣ," ಎಂದಳು ವರ್ದಿಯಾ ನಿಧಾನವಾಗಿ. "ಒಳಗೆ ಮಲಗಿರೋರಿಗೇ ಬೇಡವೋ ಏನೋ."

"ಅವನಿಗೆ ಯಾವುದು ಬೇಡವೋ ನಂಗೆ ಗೊತ್ತು. ಇದಲ್ಲ."

ತಯ್ಯಬ್ ಪೆಟ್ಟಿಗೆಯ ಬೆನ್ನಿಗೆ ಕೈ ಹಾಕಿ, ಡಿಶ್ಶಿನಿಂದ ಬರುವ ಕೇಬಲನ್ನು ತಿರುಗಿಸಿ ಬಿಚ್ಚಿದ. ಹಸಿರು ಹೊತ್ತಿತು. ಎಲ್ಲರೂ ಉಸಿರು ಹಿಡಿದರು. ಹಸಿರು ಹಸಿರಾಗಿಯೇ ಉಳಿಯಿತು. ಚಾದರದಡಿಯ ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬ ಮಾತು ಅಲುಗದೆ ನಿಂತಿತು. ಕೇಬಲನ್ನು ಮತ್ತೆ ಸಿಕ್ಕಿಸಿದ: ಟಪ್.

"ಪೆಟ್ಟಿಗೆ ಸರಿಯಾಗೇ ಇದೆ," ಎಂದ. "ದಾರೀಲೆಲ್ಲೋ ಕೇಬಲ್ ಒಳಗೊಳಗೇ ಮುಟ್ಕೊಂಡಿದೆ. ಅದರ ಹೊಡೆತಕ್ಕೆ ಇದು ಆರಿಹೋಗ್ತಿದೆ. ಮೇಲೆ ಹೋಗ್ಬೇಕು."

"ನಿನ್ನ ಮಂಡೀಲಿ ಐದು ಮಹಡಿನಾ?" ಎಂದಳು ಝೀನಬ್. "ಫರೂಕ್ ಹೋಗ್ಲಿ."

"ಆ ಕೇಬಲ್ಲು ಹಾಕಿದ್ದು ನಾವಿಬ್ಬರು. ಅದರಲ್ಲಿ ಎಲ್ಲೆಲ್ಲಿ ಗಂಟಿದೆ ಅಂತ ಈಗ ಗೊತ್ತಿರೋನು ನಾನೊಬ್ಬ."

*

ಮಧ್ಯಾಹ್ನಗಳಲ್ಲಿ ತಯ್ಯಬ್ ಎದುರು ಮನೆಯಿಂದ ಬಂದು ಲಖ್ದರ್, ವರ್ದಿಯಾರೊಡನೆ ಕೂರುವುದಿತ್ತು. ತಯ್ಯಬನ ಹೆಂಡತಿ ತೀರಿದ ಮೇಲೆ ಅದು ದಿನವೂ ಆಯಿತು. ಕರೆದವರಿಲ್ಲ, ಬೇಡವೆಂದವರೂ ಇಲ್ಲ. ಲಖ್ದರ್ ಕಿತ್ತಳೆ ಸುಲಿಯುತ್ತಿದ್ದ, ಸಿಪ್ಪೆ ಒಂದೇ ಸುರುಳಿಯಾಗಿ ಬರುವ ಹಾಗೆ. ಪೆಟ್ಟಿಗೆಯಿಂದ ಕೊಳಲು, ಆಮೇಲೆ ಒಂದು ಹೆಣ್ಣು ದನಿ, ಬೆಟ್ಟದ ಭಾಷೆಯಲ್ಲಿ ಊರು ಮತ್ತು ಹೆಸರು, ಊರು ಮತ್ತು ಹೆಸರು. ವರ್ದಿಯಾ ಮೆಲ್ಲಗೆ ಹೇಳುತ್ತಿದ್ದಳು: "ಇವರು ಮಡಕೆ ಮಾಡೋರ ಮನೆಯವರು." "ಈ ಮುದುಕಿ ನನ್ನ ಮದುವೇಲಿ ಹಾಡಿದ್ಳು."

ಲಖ್ದರ್ ಆ ಬೆಟ್ಟಕ್ಕೆ ಹೋದದ್ದು ಬೆರಳೆಣಿಕೆಯ ಸಲ. ಆದರೂ ಅಲ್ಲಿಯ ಸತ್ತವರೆಲ್ಲ ಅವನಿಗೆ ಪರಿಚಿತರಾದರು. ಹೆಸರು ಕೇಳುತ್ತ ಕೇಳುತ್ತ ಭಾಷೆಯನ್ನೂ ಕಲಿತ. ಅವನಿಗೆ ಬರುತ್ತಿದ್ದ ಬೆಟ್ಟದ ಮಾತೆಲ್ಲ ಸಾವಿನ ಮನೆಯ ಮಾತು. ಸಂತೆಗೆ ಹೋದರೆ ಈರುಳ್ಳಿ ಕೇಳಲು ಬಾರದು, ಸಂತಾಪ ಹೇಳಲು ಬರುತ್ತದೆ ಎಂದು ವರ್ದಿಯಾ ನಗುತ್ತಿದ್ದಳು.

ಒಮ್ಮೆ ತಯ್ಯಬ್, ಅವಳ ಕಡೆಯ ಊರುಗಳು ಮುಗಿದುವೆಂದುಕೊಂಡು, ಪೆಟ್ಟಿಗೆ ಆರಿಸಲು ಕೈ ಚಾಚಿದ. ಲಖ್ದರ್ ತಡೆದ.

"ಮುಗೀಲಿ."

"ಇನ್ನುಳಿದೋರು ನಿಮಗೇನೂ ಆಗ್ಬೇಕಿಲ್ವಲ್ಲೋ."

"ಯಾರಿಗೋ ಆಗ್ಬೇಕಲ್ಲ." ಕಿತ್ತಳೆಯ ತೊಳೆಯೊಂದನ್ನು ತಯ್ಯಬನ ಕೈಗಿಟ್ಟ. "ಬಸ್ಸಲ್ಲಿ ಕೊನೇ ನಿಲ್ದಾಣಾನೂ ಕೂಗ್ಬೇಕಪ್ಪ. ಇಳಿಯೋರು ಒಬ್ಬರಿದ್ರೂ ಸೈ."

ಹೆಸರುಗಳೆಲ್ಲ ಮುಗಿದು ಮತ್ತೆ ಕೊಳಲು ಬಂದಾಗ, ಸಿಪ್ಪೆಯ ಸುರುಳಿಯನ್ನು ಎತ್ತಿ ಹಿಡಿದು ಕೇಳಿದ: "ನನ್ನದನ್ನ ಹೇಗೆ ಓದಿಸ್ತಾರೆ ಅಂತೀಯಾ ವರ್ದಿಯಾ? ಊರು ಅಂತ ಏನು ಹಾಕ್ತಾರೆ? 'ಆ ಪಟ್ಟಣದವನು ಹೋದ' ಅಂತಾರಾ?"

"ಬಿಡ್ತು ಅನ್ನಿ," ಎಂದಳು ಅವಳು.

ಅವನು ನಗುತ್ತಿದ್ದ. ಆದರೆ ಅವನು ಕೇಳಿದ್ದು ನಗೆಗಲ್ಲವೆಂದು ತಯ್ಯಬನಿಗೆ ಅನಿಸಿತ್ತು.

*

ತಾರಸಿಯಲ್ಲಿ ಬಿಸಿಲು ನಿಗಿನಿಗಿ ಉರಿಯುತ್ತಿತ್ತು. ಅಂದು ಬಟ್ಟೆ ಒಗೆಯುವ ಸರದಿ ನಾಲ್ಕನೇ ಮಹಡಿಯವರದು. ಸಾವಿನ ದಿನವೆಂದು ಹಗ್ಗಗಳೆಲ್ಲ ಖಾಲಿಯಿದ್ದವು. ಸಾಲುಸಾಲು ಡಿಶ್ಶುಗಳು ಒಂದೇ ಕಡೆ ನೋಡುತ್ತಿದ್ದವು, ಒಂದನ್ನು ಬಿಟ್ಟು.

ತಯ್ಯಬ್ ಮಂಡಿ ಹಿಡಿದುಕೊಂಡು ಅದರ ಬುಡದಿಂದ ಕೇಬಲನ್ನು ಹಿಂಬಾಲಿಸಿದ. ಮೊದಲ ಗಂಟು, ನೀರಿನ ತೊಟ್ಟಿಯ ಹಿಂದೆ: ಸರಿಯಾಗಿದೆ. ಎರಡನೆಯದು ತಾರಸಿಯ ಅಂಚಿನಲ್ಲಿ, ಕೇಬಲ್ಲು ಕಟ್ಟಡದ ನಡುವಿನ ಅಂಗಳಕ್ಕೆ ಇಳಿಯುವಲ್ಲಿ. ಅಲ್ಲಿ ಅವನು ನಿಂತ.

ಬೆಳಿಗ್ಗೆ, ಬಂದ ಗಂಡಸರಿಗೆ ನೆರಳಾಗಲೆಂದು, ಅಂಗಳದ ಮೇಲೆ ದೊಡ್ಡ ಟಾರ್ಪಾಲು ಕಟ್ಟಿದ್ದರು. ಸಾವಾದ ಮನೆಯ ಮುಂದೆ ಮೊದಲು ನೆರಳೆತ್ತುವುದು ಅಲ್ಲಿಯ ಪದ್ಧತಿ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಗಂಡಸರು ಹಗ್ಗ ಹಿಡಿದು ಬರುತ್ತಾರೆ. ಕಣ್ಣೀರಿನ ಮಂಜಿನಲ್ಲಿ, ಅವಸರದಲ್ಲಿ, ಟಾರ್ಪಾಲಿನ ಒಂದು ಮೂಲೆಯ ಹಗ್ಗವನ್ನು ಕಂಬಿಗೆ ಬಿಗಿದಿದ್ದರು; ಕಂಬಿಯ ಜೊತೆಗೆ ಅದಕ್ಕಂಟಿ ಇಳಿದಿದ್ದ ಕೇಬಲ್ಲನ್ನೂ. ಹಗ್ಗ ಕೇಬಲ್ಲಿನ ಗಂಟನ್ನೇ ಕಚ್ಚಿ ಹಿಡಿದಿತ್ತು. ಆ ಹಗ್ಗದ ಗಂಟನ್ನು ತಯ್ಯಬ್ ಗುರುತಿಸಿದ. ಹೊಲಿಗೆಯವನ ಗಂಟು. ತನ್ನದೇ.

ಕೆಳಗೆ ಬಗ್ಗಿ ನೋಡಿದ. ಟಾರ್ಪಾಲು ಗಾಳಿಗೆ ಉಸಿರಾಡುತ್ತಿತ್ತು. ಅದರಡಿಯಿಂದ ಕುರಾನ್ ಓದುವವರ ಮೆಲುದನಿ, ತಟ್ಟೆಗಳ ಸದ್ದು. ಹಗ್ಗ ಬಿಚ್ಚಿದರೆ ಆ ಭಾರವೆಲ್ಲ ಕೂತವರ ತಲೆಯ ಮೇಲೆ, ಕುಸ್‌ಕುಸ್ ಊಟದ ತಟ್ಟೆಗಳ ಮೇಲೆ. ಬಿಚ್ಚುವಂತಿಲ್ಲ.

ಕೇಬಲ್ಲಿನ ಗಂಟಿಗೆ ಲಖ್ದರ್ ತನ್ನ ಕೈಯಾರೆ ಮಳೆಯಂಗಿ ತೊಡಿಸಿದ್ದ: ಅಡಿಗೆಮನೆಯ ರಬ್ಬರು ಕೈಗವಸಿನ ಒಂದು ಬೆರಳು, ಅದರ ಎರಡೂ ಬಾಯಿಗೆ ವರ್ದಿಯಾಳ ಮಗ್ಗದ ಕೆಂಪು ಉಣ್ಣೆ. ಹಗ್ಗದ ಬಿಗಿತಕ್ಕೆ ಅದು ಚಪ್ಪಟೆಯಾಗಿ, ಒಳಗಿನ ತಾಮ್ರವೂ ಹೊರಗಿನ ಜಾಲರಿಯೂ ಒಂದಕ್ಕೊಂದು ತಗುಲಿದ್ದವು. ತಯ್ಯಬ್ ಜೇಬಿನ ಕತ್ತರಿ ತೆಗೆದ. ಉಣ್ಣೆಯನ್ನು ಕತ್ತರಿಸಲಿಲ್ಲ, ಹಲ್ಲಿನಿಂದ ಬಿಡಿಸಿ, ಕಿರುಬೆರಳಿಗೆ ಸುತ್ತಿಕೊಂಡ. ನಜ್ಜಾದ ಭಾಗವನ್ನು ಮಾತ್ರ ಕತ್ತರಿಸಿ, ಎರಡೂ ತುದಿ ಸುಲಿದು, ತಾಮ್ರಕ್ಕೆ ತಾಮ್ರ, ಜಾಲರಿಗೆ ಜಾಲರಿ ಹೊಸೆದ. ಆದರೆ ಈಗ ಕೇಬಲ್ಲು ಗಿಡ್ಡವಾಗಿತ್ತು. ಬಿಟ್ಟರೆ ಕೆಳಗಿನ ಭಾರಕ್ಕೆ ಜಗ್ಗಿ ಕಳಚಿಕೊಳ್ಳುತ್ತಿತ್ತು. ಸಾವಕಾಶವಾಗಿ ಕೂತು ಬೇರೆ ತುಂಡು ಜೋಡಿಸಲು ಹೊತ್ತಿಲ್ಲ. ಮಸೀದಿಯಿಂದ ಜನ ಮಧ್ಯಾಹ್ನದ ನಮಾಜು ಮುಗಿಸಿ ಹೊರಬೀಳುತ್ತಿದ್ದರು, ವಾರ್ತೆ ಶುರುವಾಗಿರಬೇಕು.

ಅವನು ಬಿಸಿ ನೆಲದ ಮೇಲೆ ಕೂತು, ಪಾದಗಳನ್ನು ಅಂಚಿನ ಗೋಡೆಗೆ ಒತ್ತಿ, ಎರಡು ತುದಿಗಳನ್ನೂ ಎರಡು ಮುಷ್ಟಿಯಲ್ಲಿ ಒಂದರ ಕಡೆಗೊಂದು ಎಳೆದು ಹಿಡಿದ. ಒಂದು ಮುಷ್ಟಿಯಲ್ಲಿ ಆಕಾಶದಿಂದ ಬರುವ ತುದಿ, ಇನ್ನೊಂದರಲ್ಲಿ ಮನೆಗೆ ಹೋಗುವ ತುದಿ.

"ಬಂತಾ?" ಎಂದು ಕೂಗಿದ.

ಉತ್ತರವಿಲ್ಲ. ಐದು ಮಹಡಿಯ ಮೆಟ್ಟಿಲು ಅವನ ದನಿಯನ್ನು ನುಂಗಿಕೊಂಡು ಸುಮ್ಮನಿತ್ತು. ನಡುವೆ ನಿಲ್ಲುವವನು ಒಳಕೋಣೆಯಲ್ಲಿ ಮಲಗಿದ್ದಾನೆ ಎಂಬುದು ಬೆಳಗಿನಿಂದ ಗೊತ್ತಿದ್ದರೂ, ತಯ್ಯಬನಿಗೆ ಅದು ಆಗ ಮಾತ್ರ ತಿಳಿಯಿತು.

"ಬಂತಾ?" ಎಂದ ಮತ್ತೊಮ್ಮೆ, ಬರಿದೆ.

ಆಗ ಮೆಟ್ಟಿಲ ಆಳದಿಂದ ಒಂದು ದನಿ ಎದ್ದಿತು. ಮುದಿ ಹೆಣ್ಣಿನ ದನಿ, ಕೂಗಿ ರೂಢಿಯಿಲ್ಲದ್ದು.

"ಬಂತಾ ಅಂತಾನೆ ಕಣ್ರೇ! ಯಾರಾದ್ರೂ ಹೇಳ್ರೇ!"

ಅಲ್ಜಿಯಾ.

ಒಳಗಿನಿಂದ ಗದ್ದಲ. ಆಮೇಲೆ ಫರೂಕನ ಗಂಟಲು ಮೂರನೇ ಮಹಡಿಯಲ್ಲಿ, ಝೀನಬಳದು ಇನ್ನೂ ಮೇಲೆ, ತಾರಸಿಯ ಬಾಗಿಲ ಹತ್ತಿರ: "ಬಂತು ತಯ್ಯಬಣ್ಣ! ನಿಂತಿದೆ! ಅಲುಗಾಡಬೇಡ! ಚಾದರ ತೆಗೆದುಬಿಟ್ರು ಅಲ್ಜಿಯಾಕ್ಕನೇ!"

"ಶುರುವಾಯ್ತಾ?"

"ವಾರ್ತೆ ಮುಗೀತು! ಕೊಳಲು!"

ಬೆವರು ಕಣ್ಣಿಗಿಳಿಯಿತು. ಒರೆಸಲು ಕೈಯಿಲ್ಲ. ಟಾರ್ಪಾಲು ಗಾಳಿಗೆ ಉಬ್ಬಿದಾಗಲೆಲ್ಲ ಕೇಬಲ್ಲು ಜಗ್ಗುತ್ತಿತ್ತು, ಅಂಗಳದಲ್ಲಿ ಕೂತ ಅಷ್ಟೂ ಜನರ ನೆರಳು ಅವನ ಮುಷ್ಟಿಗೇ ತೂಗಿದ ಹಾಗೆ. ಕೆಳಗಿನ ಮನೆಯಲ್ಲಿ ಊರು ಮತ್ತು ಹೆಸರು, ಊರು ಮತ್ತು ಹೆಸರು ಹೋಗುತ್ತಿರಬೇಕು. ಅವನಿಗೆ ಒಂದೂ ಕೇಳಿಸುತ್ತಿರಲಿಲ್ಲ. ಮೆಟ್ಟಿಲಲ್ಲಿ ನಿಂತವನಿಗೆ ಯಾವಾಗಲೂ ಹೀಗೇ ಇದ್ದಿರಬೇಕು ಎಂದುಕೊಂಡ.

ಒಮ್ಮೆಲೇ ಕಟ್ಟಡ ನಿಶ್ಶಬ್ದವಾಯಿತು. ಅಂಗಳದಲ್ಲಿ ಕುರಾನ್ ಓದುವವರೂ ನಿಲ್ಲಿಸಿದ್ದರು.

ಆಮೇಲೆ ವರ್ದಿಯಾಳ ದನಿ. ಪದಗಳು ತಿಳಿಯಲಿಲ್ಲ. ಅಳುವೋ ನಗುವೋ ತಿಳಿಯಲಿಲ್ಲ.

"ಏನಂತೆ?" ಎಂದು ತಯ್ಯಬ್ ಕಿರುಚಿದ. "ಹೇಗೆ ಓದಿದ್ರು? ಏನಂತೆ?"

ಮಾತು ಮೆಟ್ಟಿಲು ಹತ್ತಿ ಬರತೊಡಗಿತು. ಅಲ್ಜಿಯಾ ಕೂಗಿದ್ದನ್ನು ಫರೂಕ್ ಹಿಡಿದ. ಫರೂಕ್ ಕೂಗಿದ್ದನ್ನು ನಾಲ್ಕನೇ ಮಹಡಿಯ ಯಾರೋ ಹಿಡಿದರು. ಒಂದೊಂದು ಬಾಯಿಯಲ್ಲೂ ಸ್ವಲ್ಪ ಒಡೆದು, ಒಂದೊಂದು ಬಾಯಿಯಲ್ಲೂ ಮತ್ತೆ ಕೂಡಿಕೊಂಡು, ಅದು ಝೀನಬಳ ಬಾಯಿಂದ ಬಿಸಿಲಿಗೆ ಬಂತು.

"ತಾಲಾ ಉಝ್ರು ಅಂತೆ! ವರ್ದಿಯಾ ತವರೂರಂತೆ! 'ತಾಲಾ ಉಝ್ರುವಿನ ಲಖ್ದರ್ ಝೆರ್ರೂಕಿ, ನಮ್ಮ ಮನೆ ಮಗ' ಅಂತ ಓದಿದ್ರಂತೆ!"

ತಯ್ಯಬ್ ತಲೆಯನ್ನು ಹಿಂದಕ್ಕೆ ಚೆಲ್ಲಿದ. ಮುಖ ತಿರುಗಿಸಿ ನಿಂತ ಆ ಒಂಟಿ ಡಿಶ್ಶಿನ ನೆರಳು ಅವನ ಮಂಡಿಗಳವರೆಗೆ ಬಂದಿತ್ತು.

"ತಯ್ಯಬಣ್ಣ," ಝೀನಬ್ ಬಾಗಿಲಲ್ಲಿ ಕಾಣಿಸಿಕೊಂಡಳು. ಹೊದ್ದ ಶಾಲಿನ ತುದಿಯಲ್ಲಿ ಮೂಗೊರೆಸುತ್ತಿದ್ದಳು. "ಆಯ್ತಲ್ಲ. ಬಿಡು ಕೈ. ಸುಟ್ಟೋಗ್ತೀಯ."

ಅವನು ಮುಷ್ಟಿ ಸಡಿಲಿಸಲಿದ್ದ. ಅಷ್ಟರಲ್ಲಿ ಕೆಳಗಿನಿಂದ ಮತ್ತೊಂದು ಮಾತು ಹತ್ತಿ ಬಂತು, ಮಹಡಿಯಿಂದ ಮಹಡಿಗೆ, ಮೊದಲಿನಷ್ಟು ಅವಸರವಿಲ್ಲದೆ. ಅದನ್ನು ಹೊತ್ತು ತಂದದ್ದು ಅಲ್ಜಿಯಾಳ ದನಿ. ಅಷ್ಟರಲ್ಲಿ ಅದಕ್ಕೆ ಕೂಗುವುದು ರೂಢಿಯಾಗಿತ್ತು.

"ಹೆಸರು ಇನ್ನೂ ಮುಗಿದಿಲ್ಲ ಅಂತಾಳೆ ವರ್ದಿಯಾ! ಬಿಡಬೇಡ ಅಂತಾಳೆ! ಎಲ್ಲಾ ಮುಗೀಲಿ ಅಂತಾಳೆ!"

ತಯ್ಯಬ್ ಪಾದಗಳನ್ನು ಮತ್ತೆ ಗೋಡೆಗೆ ಒತ್ತಿದ. ಕಿರುಬೆರಳಿಗೆ ಸುತ್ತಿದ ಕೆಂಪು ಉಣ್ಣೆ ಬೆವರಿಗೆ ನೆನೆದು ಬಿಗಿಯುತ್ತಿತ್ತು. ಝೀನಬ್ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಬಂದು, ಶಾಲನ್ನು ಬಿಚ್ಚಿ, ಅವನ ತಲೆಯ ಮೇಲೆ ಬಿಸಿಲಿಗೆ ಅಡ್ಡವಾಗಿ ಹಿಡಿದು ನಿಂತಳು.